ಬೆರಳು ಎಣಿಸುವ ಹೊತ್ತು

ಪ್ರೆಸ್ ಶಾಪಿನಲ್ಲಿ ದುಡಿದವರು ಇನ್ನೊಬ್ಬ ಪ್ರೆಸ್‌ನವನನ್ನು ಕಂಡರೆ ಮೊದಲು ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಬಸ್ ಸ್ಟಾಪಿನಲ್ಲಾಗಲಿ, ಮದುವೆ ಮನೆಯ ಊಟದ ಸಾಲಿನಲ್ಲಾಗಲಿ, ಕೈ ನೋಡಿಕೊಂಡ ಮೇಲೇ "ಚೆನ್ನಾಗಿದೀರಾ" ಅನ್ನುವುದು. ರಿಟೈರ್ ಆಗಿ ಮನೆ ಸೇರಿದ ಮೇಲೂ ನನಗೆ ಈ ಚಟ ಹೋಗಿಲ್ಲ. ನನ್ನ ಕೈಯಲ್ಲಿ ಹತ್ತು ಬೆರಳೂ ಇವೆ. ನನ್ನ ಜೊತೆ ಕೆಲಸ ಕಲಿತವರಲ್ಲಿ ಎಲ್ಲರೂ ಹೀಗೆ ಹೇಳುವಂತಿಲ್ಲ.

ದೊಡ್ಡನೆಕ್ಕುಂದಿಯ ಶೆಡ್ಡುಗಳಿಗೆ ಈಗಲೂ ಹೊಸ ಹುಡುಗರು ಬಂದು ಸೇರುತ್ತಿದ್ದಾರೆ. ಅವರಿಗೆ ಮೆಷಿನ್ ತೋರಿಸಿಕೊಡುವವರು ಇದ್ದಾರೆ. ಮೆಷಿನ್ ಮುಂದೆ ಮನಸ್ಸು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಹೇಳಿಕೊಡುವವರನ್ನು ನಾನು ಒಬ್ಬರನ್ನೇ ಕಂಡಿದ್ದು. ಅವರ ಹೆಸರು ಸೆಲ್ವರಾಜ್. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಬರೆಯುವುದು ನನ್ನ ಕಸುಬಲ್ಲ. ಆದರೂ ಕೂತು ಬರೆಯುತ್ತಿದ್ದೇನೆ, ಏಕೆಂದರೆ ಅವರು ಹೇಳಿದ್ದು ನನ್ನ ಜೊತೆ ಮುಗಿದುಹೋಗಬಾರದು. ನಾನು ಯಾವಾಗ ಫೋರ್‌ಮನ್ ಆದೆ, ಬೀಳ್ಕೊಡುವಾಗ ಯಾರು ಯಾವ ಶಾಲು ಹೊದಿಸಿದರು ಅನ್ನುವುದೆಲ್ಲ ಇಲ್ಲಿ ಬೇಡ.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಪವರ್ ಪ್ರೆಸ್ ಅಂದರೆ ಆಳೆತ್ತರ ಮೀರಿದ ಕಬ್ಬಿಣದ ಮೆಷಿನ್. ಪಕ್ಕದಲ್ಲಿ ಫ್ಲೈವೀಲ್ ಅನ್ನುವ ಭಾರದ ಚಕ್ರ ಸುತ್ತುತ್ತಲೇ ಇರುತ್ತದೆ. ಕೆಳಗೆ ಡೈ, ಅಂದರೆ ಅಚ್ಚು; ಮೇಲೆ ಅದರೊಳಗೆ ಇಳಿಯುವ ಪಂಚ್. ತಗಡಿನ ತುಂಡನ್ನು ಡೈ ಮೇಲೆ ಇಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಪಂಚ್ ಇಳಿದು ಒಂದು ಏಟು ಕೊಟ್ಟು ಮೇಲೆ ಹೋಗುತ್ತದೆ. ತುಂಡು ತೆಗೆದು ಡಬ್ಬಕ್ಕೆ ಹಾಕಬೇಕು, ಇನ್ನೊಂದು ಇಡಬೇಕು. ಇಡು, ಒತ್ತು, ತೆಗೆ. ಇಷ್ಟೇ ಕೆಲಸ. ತುಂಡು ಇಡುವುದಕ್ಕೆ ಇಕ್ಕಳ ಕೊಟ್ಟಿರುತ್ತಾರೆ. ಕೈ ಪಳಗಿದವರು ಇಕ್ಕಳ ಪಕ್ಕಕ್ಕಿಟ್ಟು ಬೆರಳಲ್ಲೇ ಇಡುತ್ತಾರೆ, ಅದು ಬೇಗ ಆಗುತ್ತದೆ.

ನಾನು ಈ ಕೆಲಸ ಕಲಿತದ್ದು ಹಲಸೂರಿನ ಒಂದು ಸಂದಿಯಲ್ಲಿದ್ದ ಪುಟ್ಟ ಶೆಡ್ಡಿನಲ್ಲಿ. ಕೆ.ಆರ್. ಪುರದ ಪಕ್ಕದ ನಮ್ಮ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ಬೆಳಿಗ್ಗೆ ಪ್ರೆಸ್ ಮುಂದೆ ಕೂತರೆ ಏಳುವುದು ಊಟಕ್ಕೇ. ನೀರು ಕುಡಿಯುವುದಕ್ಕೂ ಏಳುತ್ತಿರಲಿಲ್ಲ. ಯಜಮಾನರು ಬೇರೆಯವರಿಗೆ ನನ್ನನ್ನು ತೋರಿಸಿ, "ಅವನನ್ನ ನೋಡ್ರೋ, ಗೂಟ ಹೊಡೆದಂಗೆ ಕೂತಿರ್ತಾನೆ" ಅನ್ನುತ್ತಿದ್ದರು. ಆ ಮಾತು ಕೇಳುವುದಕ್ಕೆ ಇನ್ನೊಂದು ಡಬ್ಬ ತುಂಬಿಸುತ್ತಿದ್ದೆ.

ಆ ದಿನಗಳಲ್ಲಿ ನನಗೆ ಒಂದು ವಿಚಿತ್ರ ಅನುಭವ ಆಗುತ್ತಿತ್ತು. ಕೂತು ಸ್ವಲ್ಪ ಹೊತ್ತಾದ ಮೇಲೆ ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿತ್ತು, ಮನಸ್ಸು ಎದ್ದು ಹೋಗುತ್ತಿತ್ತು. ನಮ್ಮೂರ ಕೆರೆ ಏರಿ ಮೇಲೆ ನಡೆಯುತ್ತಿದ್ದೆ, ಅಣ್ಣನ ಜೊತೆ ಜಗಳ ಆಡುತ್ತಿದ್ದೆ, ತಂಗಿ ಮದುವೆಗೆ ಯಾರನ್ನು ಕರೆಯಬೇಕು ಅಂತ ಯೋಚಿಸುತ್ತಿದ್ದೆ. ಸಟ್ಟನೆ ವಾಪಸ್ ಬಂದು ನೋಡಿದರೆ ಡಬ್ಬ ತುಂಬಿರುತ್ತಿತ್ತು. ಆ ತುಂಡುಗಳನ್ನು ನಾನು ಹೊಡೆದ ನೆನಪೇ ಇರುತ್ತಿರಲಿಲ್ಲ. ಅದನ್ನು ನಾನು ಕೆಲಸ ಕೈಗೆ ಹತ್ತಿದ ಗುರುತು ಅಂದುಕೊಂಡಿದ್ದೆ. ಹೆಮ್ಮೆಪಡುತ್ತಲೂ ಇದ್ದೆ.

ಆಮೇಲೆ ದೊಡ್ಡನೆಕ್ಕುಂದಿಯ ದೊಡ್ಡ ಶೆಡ್ಡಿಗೆ ಸೇರಿದೆ. ಅಲ್ಲಿಯ ಫೋರ್‌ಮನ್ನೇ ಸೆಲ್ವರಾಜ್. ಹಲಸೂರಿನ ತಮಿಳರು, ಸಣ್ಣ ಆಳು, ಹೆಚ್ಚು ಮಾತಿಲ್ಲ. ಮೊದಲ ದಿನ ಕೈ ನೋಡಿದೆ. ಎಡಗೈಯಲ್ಲಿ ಎರಡು ಬೆರಳು ಬುಡದಿಂದಲೇ ಇರಲಿಲ್ಲ.

ನಾನು ಎಂದಿನಂತೆ ಕೂತೆ, ಕೆಲಸ ಓಡಿಸಿದೆ. ಅರ್ಧ ಗಂಟೆ ಆಗಿರಬೇಕು, ಶೆಡ್ಡಿನ ಹಿಂದಿನಿಂದ ಒಮ್ಮೆಲೇ 'ಸುಸ್ಸ್' ಅಂತ ಜೋರಾಗಿ ಗಾಳಿ ಬಿಟ್ಟ ಸದ್ದು ಬಂತು. ಎಲ್ಲಾ ಪ್ರೆಸ್‌ಗಳೂ ಒಂದೊಂದಾಗಿ ನಿಂತವು. ಜನ ಎದ್ದು ಹೊರಗೆ ಹೊರಟರು. ನಾನು ಮಾತ್ರ ಹೊಡೆಯುತ್ತಲೇ ಇದ್ದೆ. ಸೆಲ್ವರಾಜ್ ಬಂದು ನನ್ನ ಪ್ರೆಸ್‌ನ ಮೋಟರ್ ಆಫ್ ಮಾಡಿದರು.

"ಎದ್ದೇಳಪ್ಪಾ."

"ಯಾಕೆ ಸಾರ್? ನಂಗೇನೂ ಸುಸ್ತಾಗಿಲ್ಲ."

"ಸುಸ್ತಾಗಿದೆ ಅಂತ ಯಾರು ಹೇಳಿದ್ರು? ಎದ್ದು ಆಚೆ ಹೋಗು."

"ಬೆಲ್ ಹೊಡೆದು ಹೊರಗೆ ಬಿಡೋಕೆ ನಾನೇನು ಸ್ಕೂಲ್ ಮಗುನಾ? ಹಲಸೂರಲ್ಲಿ ಬೆಳಿಗ್ಗೆ ಕೂತ್ರೆ ಮಧ್ಯಾಹ್ನ ಏಳ್ತಿದ್ದೆ."

"ಸರಿ ತಂಬಿ. ಇವತ್ತು ಎದ್ದು ಹೋಗು. ನಾಳೆ ನಿನ್ನಿಷ್ಟದಂಗೆ ಕೂತ್ಕೋ, ನಾನು ಎಬ್ಬಿಸಲ್ಲ."

ಆ ಸದ್ದು ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಡೈ ಮೇಲಿನ ಚೂರು ಊದಿ ತೆಗೆಯುವುದಕ್ಕೆ ನಮ್ಮಲ್ಲಿ ಗಾಳಿಯ ಕಂಪ್ರೆಸರ್ ಇತ್ತು. ಅದರ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ಆಗಾಗ ಕೆಳಗಿನ ನಲ್ಲಿ ತಿರುಗಿಸಿ ಬಿಡಬೇಕು. ಸೆಲ್ವರಾಜ್ ಅದನ್ನೇ ಗಂಟೆ ಮಾಡಿಕೊಂಡಿದ್ದರು. ಅರ್ಧ ಗಂಟೆಗೊಮ್ಮೆ ಹೋಗಿ ನಲ್ಲಿ ತಿರುಗಿಸುವುದು, ಸದ್ದು ಕೇಳಿದೊಡನೆ ಎಲ್ಲರೂ ಕೈ ಕಾಲು ತೆಗೆದು ಏಳುವುದು. ಗೇಟಿನ ಹತ್ತಿರ ಒಂದು ಹೊಂಗೆ ಮರ. ಅಲ್ಲಿಯವರೆಗೆ ನಡೆದು, ದೂರ ನೋಡುತ್ತಾ ನಿಂತು, ಐದು ನಿಮಿಷಕ್ಕೆ ವಾಪಸ್ ಬರಬೇಕು. ಕೂರುವಂತಿಲ್ಲ, ಬೀಡಿ ಇಲ್ಲ, ಕೆಲಸದ ಮಾತು ಆಡುವಂತಿಲ್ಲ. ಬಂದು ಕೂತ ಮೇಲೆ ಮೊದಲ ಮೂರು ಏಟು ಖಾಲಿ ಹೊಡೆಯಬೇಕು. ಎರಡೂ ಕೈ ಮೊಣಕಾಲ ಮೇಲೆ, ಡೈ ಮೇಲೆ ತುಂಡು ಇರಬಾರದು, ಕಾಲಲ್ಲಿ ಮಾತ್ರ ಒತ್ತಬೇಕು, ಕಣ್ಣು ಪಂಚ್ ಮೇಲಿರಬೇಕು. ಮೂರಾದ ಮೇಲೇ ಕೆಲಸ. ಇದು ಆ ಶೆಡ್ಡಿನ ಪದ್ಧತಿ.

ಮರುದಿನ ನಾನು ಹಟಕ್ಕೆ ಬಿದ್ದು ಕೂತೆ. ಸದ್ದು ಬಂತು, ಎಲ್ಲರೂ ಹೋದರು, ನಾನು ಏಳಲಿಲ್ಲ. ಸೆಲ್ವರಾಜ್ ಎಬ್ಬಿಸಲು ಬರಲಿಲ್ಲ. ಬೆಳಿಗ್ಗೆ ಮಾತ್ರ ಒಂದು ಮಾತು ಹೇಳಿದ್ದರು: ತುಂಡುಗಳ ರಾಶಿಯಲ್ಲಿ ಅಲ್ಲಲ್ಲಿ ಕೆಂಪು ಬಣ್ಣದ ಚುಕ್ಕೆ ಇಟ್ಟ ತುಂಡುಗಳಿವೆ, ಅವು ಬೇರೆ, ಕಂಡರೆ ಹೊಡೆಯದೆ ಪಕ್ಕಕ್ಕಿಡು ಅಂತ. ಅದೇನು ಮಹಾ ಕೆಲಸ ಅಂತ ನಾನು ತಲೆಯಾಡಿಸಿದ್ದೆ.

ಊಟದ ಹೊತ್ತಿಗೆ ಅವರು ಬಂದು ನಾನು ತುಂಬಿಸಿದ ಡಬ್ಬಗಳನ್ನು ಒಂದೊಂದಾಗಿ ನೆಲಕ್ಕೆ ಸುರಿದರು. ಮೊದಲ ಡಬ್ಬದಲ್ಲಿ ಒಂದೂ ಕೆಂಪು ಇರಲಿಲ್ಲ, ಎಲ್ಲವನ್ನೂ ಪಕ್ಕಕ್ಕಿಟ್ಟಿದ್ದೆ. ಆಮೇಲಿನ ಡಬ್ಬದಲ್ಲಿ ಒಂದೆರಡು ಸಿಕ್ಕವು. ಅದರಿಂದಾಚೆಗೆ ಚುಕ್ಕೆ ಇಟ್ಟ ತುಂಡುಗಳೆಲ್ಲ ಅಚ್ಚುಕಟ್ಟಾಗಿ ತೂತು ಬಿದ್ದು ಡಬ್ಬದಲ್ಲಿದ್ದವು. ಒಂದನ್ನೂ ನಾನು ಕಂಡಿರಲಿಲ್ಲ. ಅವರು ಅವನ್ನು ಆರಿಸಿ ನನ್ನ ಅಂಗೈಗೆ ಹಾಕಿದರು.

"ಕಣ್ಣು ಇಲ್ಲೇ ಇತ್ತು ಮುನಿರಾಜು. ನೀನು ಇರಲಿಲ್ಲ."

ಬೈದಿದ್ದರೆ ನಾನೂ ಬೈದು ಕೆಲಸ ಬಿಟ್ಟು ಹೋಗುತ್ತಿದ್ದೆ, ಆಗ ಅಂಥ ರೋಷ ಇತ್ತು. ಅವರು ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಆ ಕೆಂಪು ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಅವು ತಗಡಿನ ತುಂಡುಗಳು. ಅಲ್ಲಿ ನನ್ನ ಬೆರಳು ಇದ್ದಿದ್ದರೂ ನಾನು ಅಷ್ಟೇ ನಿರಾಳವಾಗಿ ಪೆಡಲ್ ಒತ್ತುತ್ತಿದ್ದೆ.

ಮಧ್ಯಾಹ್ನ ಸದ್ದು ಬಂದಾಗ ಎಲ್ಲರಿಗಿಂತ ಮೊದಲು ಎದ್ದೆ.

ಮರದ ಕೆಳಗೆ ನಿಲ್ಲುವುದಕ್ಕೆ ನಮ್ಮಲ್ಲಿ 'ಬೆರಳು ಎಣಿಸೋದು' ಅಂತ ಹೆಸರು ಬಂದದ್ದಕ್ಕೂ ಒಂದು ಕಥೆ ಇದೆ. ಒಂದು ದಿನ ಈ ಶೆಡ್ಡಿನ ಆಗಿನ ಯಜಮಾನರು ಕಾರಿನಲ್ಲಿ ಗೇಟಿನೊಳಗೆ ಬಂದರು. ಇಡೀ ಶೆಡ್ಡಿನ ಜನ ಹೊಂಗೆ ಮರದ ಕೆಳಗೆ ಆಕಾಶ ನೋಡುತ್ತಾ ನಿಂತಿದ್ದಾರೆ. ಅವರು ಗಾಜು ಇಳಿಸಿದರು.

"ಏನ್ರೀ ಸೆಲ್ವರಾಜ್, ಪಿಕ್ನಿಕ್ಕಾ?"

"ಇಲ್ಲ ಸಾರ್. ಬೆರಳು ಎಣಿಸ್ತಾ ಇದೀವಿ." ತಮ್ಮ ಎಡಗೈ ಎತ್ತಿ ತೋರಿಸಿದರು. "ಎಲ್ಲರದೂ ಸರಿ ಬರ್ತಾ ಇದೆ ಸಾರ್. ನಂದೊಂದೇ ಲೆಕ್ಕ ತಪ್ತಾ ಇದೆ."

ಯಜಮಾನರು ಗಾಜು ಏರಿಸಿಕೊಂಡು ಹೋದರು. ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಅಂದಿನಿಂದ ಮರದ ಕೆಳಗೆ ಹೋದವರು ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಿ ಮಡಿಚುವುದು ರೂಢಿಯಾಯಿತು. ಮೊದಲು ತಮಾಷೆಗೆ ಮಾಡಿದ್ದು. ಬಿಗಿದ ಬೆರಳಿಗೆ ಹಾಯ್ ಅನ್ನಿಸುತ್ತಿತ್ತು, ಹಾಗೇ ಉಳಿದುಬಿಟ್ಟಿತು.

ಎಲ್ಲರಿಗೂ ಈ ಪದ್ಧತಿ ಹೊಂದುತ್ತಿತ್ತು ಅಂತ ಹೇಳಲಾರೆ. ನಮ್ಮ ಡೈ ಕೂರಿಸುವವನು ರಫೀಕ್, ಶಿವಾಜಿನಗರದವನು, ಬಾಯಿ ಬಹಳ. ಡೈ ಕೂರಿಸುವುದೆಂದರೆ ಪಂಚ್‌ಗೂ ಡೈಗೂ ನಡುವೆ ಕೂದಲೆಳೆ ಸರಿ ಬರುವಂತೆ ತಟ್ಟಿ ತಟ್ಟಿ ಬೋಲ್ಟ್ ಬಿಗಿಯುವುದು. ಒಮ್ಮೆ ಸದ್ದು ಬಂದಾಗ ಅವನು ಕೆಲಸದ ನಡುವೆ ಇದ್ದ. ನಾನು ಹೊಸದಾಗಿ ಬುದ್ಧಿ ಬಂದವನಲ್ಲವೇ, "ಏಳೋ ರಫೀಕ್, ಎಲ್ಲರೂ ಎದ್ರು" ಅಂತ ಎಳೆದುಕೊಂಡು ಹೋದೆ. ವಾಪಸ್ ಬಂದು ಅವನು ಬಿಗಿದ ಡೈ ಓರೆಯಾಗಿ ಕೂತು ಮೊದಲ ಏಟಿಗೇ ಅಂಚು ಹಾರಿಹೋಯಿತು.

"ನಿಮ್ಮ ಹೊಂಗೆ ಮರ ನಿಮಗೇ ಇರ್ಲಿ ಭಾಯ್," ಅಂದ ಅವನು. "ಅರ್ಧದಲ್ಲಿ ಎದ್ದು ಹೋದ್ರೆ ವಾಪಸ್ ಬರೋನು ಬೇರೆ ರಫೀಕ್. ಅವನಿಗೆ ಎಲ್ಲಿ ತಟ್ಟಿದ್ದೆ, ಎಲ್ಲಿ ಬಿಟ್ಟಿದ್ದೆ ಒಂದೂ ಮಾಲೂಮ್ ಇರಲ್ಲ."

ಸೆಲ್ವರಾಜ್ ನನ್ನ ಕಡೆ ತಿರುಗಿ, "ಅವನು ಹೇಳೋದು ಸರಿ. ನಿನ್ನ ಕೆಲಸ ಬೇರೆ, ಅವನ ಕೆಲಸ ಬೇರೆ" ಅಂದರು. ರಫೀಕನಿಗೆ ಗಡಿಯಾರ ಇಲ್ಲ, ಕೊನೆಯ ಬೋಲ್ಟ್ ಬಿಗಿದ ಮೇಲೆ ಏಳುವುದು ಅಂತ ಆಯಿತು. ಇದನ್ನು ಹುಡುಗರು ಮುಖ್ಯವಾಗಿ ಗಮನಿಸಬೇಕು. ಒಂದೇ ಸಮ ಮಾಡಿದ್ದನ್ನೇ ಮಾಡುವ ಕೆಲಸದಲ್ಲಿ ಮನಸ್ಸು ಹೇಳದೆ ಕೇಳದೆ ಹೋಗುತ್ತದೆ, ಅದನ್ನು ಹೊತ್ತು ನೋಡಿ ಕರೆದು ತರಬೇಕು. ಯೋಚನೆ ಕಟ್ಟಿಕೊಂಡು ಮಾಡುವ ಕೆಲಸದಲ್ಲಿ ಆ ಕಟ್ಟು ಬಿಚ್ಚುವ ಹಾಗೆ ಎಬ್ಬಿಸಬಾರದು.

ಇನ್ನೊಂದು ತಪ್ಪು ಮೊಬೈಲ್ ಬಂದ ಮೇಲೆ ಶುರುವಾದದ್ದು. ಮರದ ಕೆಳಗೆ ನಿಂತವರು ಫೋನ್ ನೋಡತೊಡಗಿದರು. ಐದು ನಿಮಿಷ ಫೋನ್ ನೋಡಿ ಬಂದವನ ಮುಖ ಎದ್ದು ಹೋಗುವಾಗಿನದಕ್ಕಿಂತ ದಣಿದಿರುತ್ತಿತ್ತು. ಊರಿಂದ ಬಂದ ಒಂದು ಸುದ್ದಿ, ಯಾರದೋ ಜಗಳ, ಅದನ್ನೇ ಹೊತ್ತು ತಂದು ಪ್ರೆಸ್ ಮುಂದೆ ಕೂರುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಫೋರ್‌ಮನ್ ಆಗಿದ್ದೆ. ಫೋನುಗಳನ್ನು ಒಳಗೇ ಇಡಿಸಿದೆ. ಬೈಸಿಕೊಂಡೆ. ಬಿಡುವು ಅಂದರೆ ಖಾಲಿ ಇರಬೇಕು. ಮೂರು ಏಟು ಖಾಲಿ ಹೊಡೆಯುತ್ತೇವಲ್ಲ, ಹಾಗೆ.

ಸೆಲ್ವರಾಜ್ ತಮ್ಮ ಬೆರಳು ಹೋದ ಕಥೆಯನ್ನು ನನಗೆ ಒಮ್ಮೆ ಮಾತ್ರ ಹೇಳಿದ್ದು, ಅವರು ಕೆಲಸ ಬಿಡುವ ವಾರ. ಗೇಟಿನಾಚೆಯ ಟೀ ಅಂಗಡಿಯಲ್ಲಿ ನಿಂತಿದ್ದೆವು. "ಎಲ್ಲರೂ ಅಂದ್ಕೊಂಡಿದಾರೆ, ಕುಡಿದಿದ್ದೆ, ನಿದ್ದೆಗೆಟ್ಟಿದ್ದೆ ಅಂತ," ಅಂದರು. "ಅವತ್ತು ತುಂಬಾ ಚೆನ್ನಾಗಿ ಕೆಲಸ ಮಾಡ್ತಾ ಇದ್ದೆ ಮುನಿರಾಜು. ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಏಟಿನ ಮೇಲೆ ಏಟು, ಹಾಡು ಹಾಡಿದಂಗೆ. ಅದೇ ಭಯ. ಚೆನ್ನಾಗಿ ಓಡೋವಾಗ ನಾವು ಅಲ್ಲಿರಲ್ಲ." ಟೀ ಲೋಟ ಇಟ್ಟು, "ನಲ್ಲಿ ತಿರುಗಿಸೋದು ಬಿಡಬೇಡ" ಅಂದರು.

ನಾನು ಬಿಡಲಿಲ್ಲ. ವರ್ಷಗಟ್ಟಲೆ ಅರ್ಧ ಗಂಟೆಗೊಮ್ಮೆ ನಾನೇ ಹೋಗಿ ನಲ್ಲಿ ತಿರುಗಿಸಿದೆ. ಇನ್ನು ಬರೆಯುವುದು ನನ್ನ ಕೆಲಸದ ಕೊನೆಯ ದಿನಗಳ ಮಾತು.

ಹೊಸ ಮ್ಯಾನೇಜರ್ ಬಂದರು, ನವೀನ್ ಅಂತ. ವಯಸ್ಸು ಕಡಿಮೆ. ಒಳ್ಳೆಯ ಮನುಷ್ಯ, ಇದನ್ನು ಮೊದಲೇ ಹೇಳಬೇಕು. ಹಳೆಯ ಪ್ರೆಸ್‌ಗಳನ್ನು ಒಂದೊಂದಾಗಿ ತೆಗೆಸಿ ಹೊಸವು ಹಾಕಿಸಿದ್ದೇ ಅವರು. ಹೊಸದರಲ್ಲಿ ಪೆಡಲ್ ಇಲ್ಲ. ಎರಡು ಗುಂಡಿ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪಂಚ್ ಇಳಿಯುತ್ತದೆ. ಕೈ ಒಳಗಿರುವ ಹಾಗೇ ಇಲ್ಲ. ಹೊಸ ಕಂಪ್ರೆಸರ್ ಕೂಡ ಬಂತು. ಅದು ನೀರನ್ನು ತಾನೇ ಸ್ವಲ್ಪ ಸ್ವಲ್ಪ ಹೊರಗೆ ಹಾಕುತ್ತದೆ, ನಲ್ಲಿ ಇದ್ದರೂ ಯಾರೂ ತಿರುಗಿಸಬೇಕಿಲ್ಲ. ಪ್ರತಿ ಪ್ರೆಸ್ ತಲೆ ಮೇಲೆ ಒಂದು ದೀಪ ಹಾಕಿಸಿದರು. ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಎಷ್ಟು ಹೊತ್ತು ಕೆಂಪಿತ್ತು ಅನ್ನುವುದು ಅವರ ಕಂಪ್ಯೂಟರಿಗೆ ಹೋಗುತ್ತದೆ. ನಾನು ನಲ್ಲಿ ತಿರುಗಿಸಿದಾಗಲೆಲ್ಲ ಶೆಡ್ಡಿಗೆ ಶೆಡ್ಡೇ ಕೆಂಪಾಗುತ್ತಿತ್ತು.

ಅವರು ನನ್ನನ್ನು ಕರೆದು ಕೂರಿಸಿ ಮಾತಾಡಿದರು.

"ಮುನಿರಾಜು ಅವರೇ, ನೀವು ಮಾಡ್ತಿದ್ದದ್ದು ತಪ್ಪು ಅನ್ನಲ್ಲ. ಆಗ ಅದು ಬೇಕಿತ್ತು. ಈಗ ಮೆಷಿನ್ನೇ ಕೈ ಕಾಯುತ್ತೆ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು ಟೀ ಬ್ರೇಕ್ ಸಾಕಲ್ವಾ?"

"ಹಳೇ ಪೆಡಲ್ ಪ್ರೆಸ್ ಇನ್ನೂ ಎರಡು ಓಡ್ತಾ ಇದೆ ಸಾರ್."

"ಅವೂ ಹೋಗುತ್ತೆ. ಈ ಆರ್ಡರ್ ಒಂದು ಮುಗೀಲಿ."

ಮ್ಯಾನೇಜರ್ ಮಾತು. ನಾನು ನಲ್ಲಿ ತಿರುಗಿಸುವುದು ನಿಲ್ಲಿಸಿದೆ. ಮೊದಲ ದಿನ ಶೆಡ್ಡಿನಲ್ಲಿ ಎಲ್ಲರೂ ಆಗಾಗ ತಲೆ ಎತ್ತಿ ಹಿಂದೆ ನೋಡುತ್ತಿದ್ದರು. ಆಮೇಲೆ ಅದೂ ನಿಂತಿತು.

ಆ ಎರಡು ಹಳೇ ಪ್ರೆಸ್‌ಗಳಲ್ಲಿ ಒಂದರ ಮುಂದೆ ಕೂರುತ್ತಿದ್ದವನು ಶರಣಪ್ಪ. ಯಾದಗಿರಿ ಕಡೆಯವನು, ಕಾಂಟ್ರ್ಯಾಕ್ಟ್ ಮೇಲೆ ಇದ್ದ, ಕೆ.ಆರ್. ಪುರದಲ್ಲಿ ಊರಿನವರ ಜೊತೆ ರೂಮು ಮಾಡಿಕೊಂಡಿದ್ದ. ಹೆಂಡತಿ, ಪುಟ್ಟ ಮಗಳು ಊರಲ್ಲೇ. ಪರ್ಮನೆಂಟ್ ಆದರೆ ಅವರನ್ನು ಕರೆಸಿಕೊಳ್ಳಬೇಕು ಅಂತಿದ್ದ. ಯಾರ ದೀಪ ಹೆಚ್ಚು ಹೊತ್ತು ಹಸಿರಿರುತ್ತದೋ ಅವರ ಹೆಸರು ಪರ್ಮನೆಂಟ್ ಪಟ್ಟಿಗೆ ಮೊದಲು ಹೋಗುತ್ತದೆ ಅಂತ ಸುದ್ದಿ ಹಬ್ಬಿತ್ತು. ಶರಣಪ್ಪ ಊಟಕ್ಕೂ ಬೇಗ ಎದ್ದು ಬೇಗ ಬರುತ್ತಿದ್ದ. ಅವನು ಕೂತರೆ ಗೂಟ ಹೊಡೆದಂತೆ. ಇಕ್ಕಳ ಡಬ್ಬದ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು, ಬೆರಳಲ್ಲೇ ತುಂಡು ಇಡುತ್ತಿದ್ದ. ನಾನು ಎಷ್ಟು ಸಲ ಕೈಗೆ ಕೊಟ್ಟರೂ ಬೆನ್ನು ತಿರುಗಿಸಿದೊಡನೆ ಮತ್ತೆ ಡಬ್ಬದ ಮೇಲೇ.

ಒಂದು ದಿನ ಅವನ ಪಕ್ಕ ಹಾದುಹೋಗುವಾಗ ಮುಖ ನೋಡಿದೆ. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಕಣ್ಣು ಡೈ ಮೇಲಿತ್ತು, ಅವನು ಅಲ್ಲಿರಲಿಲ್ಲ. ಹಲಸೂರಿನ ಶೆಡ್ಡಿನಲ್ಲಿ ಕೂತಿದ್ದ ನನ್ನನ್ನೇ ಹೊರಗಿನಿಂದ ನೋಡಿದ ಹಾಗಾಯಿತು.

ಮರುದಿನ ಅವನ ರಾಶಿಯಲ್ಲಿ ಕೆಂಪು ಚುಕ್ಕೆಯ ತುಂಡುಗಳನ್ನು ಬೆರೆಸಿ, ಕಂಡರೆ ಪಕ್ಕಕ್ಕಿಡು ಅಂದೆ. ಊಟದ ಹೊತ್ತಿಗೆ ಡಬ್ಬ ಸುರಿದೆ. ಆಗಿದ್ದು ಅದೇ. ಅವನ ಅಂಗೈಗೆ ಹಾಕಿದೆ. ಸೆಲ್ವರಾಜ್ ಹೇಳಿದ ಮಾತನ್ನೇ ಹೇಳಿದೆ.

ಅವನು ಅವನ್ನು ತಿರುಗಿಸಿ ಮುರುಗಿಸಿ ನೋಡಿದ. "ತುಂಡು ಸರಿ ಬಂದಾವಲ್ರಿ ಕಾಕಾ. ಮತ್ತೇನು?"

"ನೀನು ಎಲ್ಲಿದ್ದೆ ಶರಣಪ್ಪ?"

"ಇಲ್ಲೇ ಇದ್ದೆ." ತುಂಡುಗಳನ್ನು ಡಬ್ಬದ ಮೇಲಿಟ್ಟು, "ಮಗಳ ಜೋಡಿ ಮಾತಾಡ್ಲಿಕತ್ತಿದ್ದೆ ಅನಸ್ತದ" ಅಂದ.

"ನಾಳೆಯಿಂದ ಅರ್ಧ ಗಂಟೆಗೊಂದು ಸಲ ಏಳು. ನೀನೊಬ್ಬನಾದರೂ ಏಳು."

"ಬ್ಯಾಡ್ರಿ ಕಾಕಾ. ನಾ ಒಬ್ಬವ ಎದ್ದರ ನನ್ನ ಲೈಟ್ ಒಂದೇ ಕೆಂಪಗಾಗ್ತದ. ನೀವು ಪರ್ಮನೆಂಟ್ ಆಗಿ ರಿಟೈರ್ ಆಗ್ಲಿಕತ್ತೀರಿ. ನಂದು ಇನ್ನಾ ಶುರುನೇ ಆಗಿಲ್ಲ."

ಒಬ್ಬನೇ ಎದ್ದರೆ ಅವನದು ಮಾತ್ರ ಕೆಂಪಾಗುತ್ತದೆ, ನಿಜ. ಎಲ್ಲರದೂ ಕೆಂಪಾದರೆ ಯಾರ ಹೆಸರೂ ಕೆಳಗೆ ಹೋಗುವುದಿಲ್ಲ. ಆ ದಿನವೆಲ್ಲ ಇದನ್ನೇ ಯೋಚಿಸಿದೆ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗಿ ಅರ್ಧ ಗಂಟೆಗೆ ಹಿಂದಕ್ಕೆ ಹೋಗಿ ಹೊಸ ಟ್ಯಾಂಕಿನ ನಲ್ಲಿ ತಿರುಗಿಸಿದೆ. ಒಳಗೆ ನೀರಿರಲಿಲ್ಲ, ಬರೀ ಗಾಳಿ. ಹಳೆಯದಕ್ಕಿಂತ ಜೋರಾಗಿ ಸದ್ದು ಮಾಡಿತು. ಶೆಡ್ಡು ಮರೆತಿರಲಿಲ್ಲ. ಒಬ್ಬರ ಹಿಂದೊಬ್ಬರು ಕೈ ತೆಗೆದು ಎದ್ದರು. ದೀಪಗಳೆಲ್ಲ ಕೆಂಪಾದವು. ಒಂದು ಮಾತ್ರ ಹಸಿರಾಗಿತ್ತು.

ನಾನು ಹೋಗಿ ಶರಣಪ್ಪನ ಮೋಟರ್ ಆಫ್ ಮಾಡಿದೆ. "ಎದ್ದೇಳಪ್ಪಾ."

"ಕಾಕಾ, ನನ್ನ ಹೊಟ್ಟಿ ಮ್ಯಾಲ ಯಾಕ ಹೊಡಿತೀರಿ?"

"ಎಲ್ಲರದೂ ಕೆಂಪಾಗಿದೆ ನೋಡು. ಏಳು."

ಅವನು ಎದ್ದ. ಮರದವರೆಗೆ ಹೋದ. ಎಲ್ಲರೂ ಕೈ ಚಾಚಿ ಬೆರಳು ಬಿಡಿಸುತ್ತಿದ್ದರೆ ಅವನು ಕೈ ಕಟ್ಟಿಕೊಂಡು ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಅಷ್ಟರಲ್ಲಿ ನವೀನ್ ಆಫೀಸಿನಿಂದ ಇಳಿದು ಬಂದರು. ಸಿಟ್ಟು ಬಂದಿತ್ತು, ಆದರೆ ದನಿ ಏರಿಸಲಿಲ್ಲ.

"ಟ್ಯಾಂಕಲ್ಲಿ ನೀರೇ ಇರಲ್ಲ ಮುನಿರಾಜು ಅವರೇ. ಯಾಕೆ ಬಿಟ್ರಿ?"

"ನೀರಿಗೆ ಅಲ್ಲ ಸಾರ್."

"ನಾವು ಮಾತಾಡಿದ್ವಲ್ಲ. ಈಗ ಮೇಲಿನವರು ಕೇಳಿದ್ರೆ ನಾನು ಏನಂತ ಹೇಳ್ಲಿ?"

"ನನ್ನ ಹೆಸರು ಹೇಳಿ ಸಾರ್. ನೀವು ಬೇಡ ಅಂದ್ರೂ ನಾನು ತಿರುಗಿಸಿದೆ ಅಂತ ಹೇಳಿ."

ಅವರು ನನ್ನ ಜೊತೆಯೇ ಶೆಡ್ಡಿನೊಳಗೆ ಬಂದರು. ಜನ ವಾಪಸ್ ಬಂದು ಕೂತರು. ಮೋಟರ್‌ಗಳು ಶುರುವಾದವು, ಖಾಲಿ ಏಟುಗಳು ಕೇಳತೊಡಗಿದವು. ಶರಣಪ್ಪ ಕೂತವನೇ ಒಂದು ತುಂಡು ಎತ್ತಿಕೊಂಡು ಡೈ ಕಡೆ ಕೈ ಚಾಚಿದ.

"ಮೂರು ಖಾಲಿ," ಅಂದೆ.

ಅವನು ತುಂಡನ್ನು ಡಬ್ಬಕ್ಕೆ ಬಿಸಾಡಿದ. ಮ್ಯಾನೇಜರ್ ಮುಂದೆ ಅವನು ನನಗೆ ಎದುರಾಡುವ ಹಾಗಿರಲಿಲ್ಲ. ಎರಡೂ ಕೈ ಎತ್ತಿ ಮೊಣಕಾಲ ಮೇಲೆ ದಪ್ಪೆಂದು ಇಟ್ಟು, ನನ್ನ ಮುಖವನ್ನೇ ನೋಡುತ್ತಾ ಪೆಡಲ್ ಒದ್ದು ಕಾಲು ತೆಗೆದ.

ಪಂಚ್ ಇಳಿಯಿತು, ಮೇಲೆ ಹೋಯಿತು. ಮತ್ತೆ ಇಳಿಯಿತು.

ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ. ಒಂದೇ ಸಲ ಒತ್ತಿದ್ದು, ಎರಡು ಏಟು ಬಿದ್ದಿತ್ತು. ಎರಡನೆಯ ಏಟು ಬೀಳುವ ಹೊತ್ತು ಯಾವುದು ಅಂತ ಪ್ರೆಸ್‌ನಲ್ಲಿ ಕೂತವರಿಗೆಲ್ಲ ಗೊತ್ತು. ಹೊಡೆದ ತುಂಡನ್ನು ತೆಗೆಯುವುದಕ್ಕೆ ಬೆರಳು ಒಳಗೆ ಹೋಗುವ ಹೊತ್ತು ಅದು.

ಪಕ್ಕದವರು ಕೈ ನಿಲ್ಲಿಸಿದರು. ಶರಣಪ್ಪ ತನ್ನ ಮೊಣಕಾಲ ಮೇಲಿದ್ದ ಕೈಗಳನ್ನು ನೋಡಿಕೊಳ್ಳುತ್ತಿದ್ದ, ಅವು ಯಾರದೋ ಅನ್ನುವ ಹಾಗೆ. ಮೊದಲು ಅಲುಗಾಡಿದವರು ನವೀನ್. ಓಡಿ ಹೋಗಿ ಇಡೀ ಸಾಲಿನ ಮೇನ್ ಸ್ವಿಚ್ ಇಳಿಸಿದರು. ಶರ್ಟಿನ ತೋಳು ಮಡಿಚಿ ಮೆಕ್ಯಾನಿಕ್ ಜೊತೆ ತಾವೇ ಕೂತು ಕ್ಲಚ್ಚಿನ ಮುಚ್ಚಳ ಬಿಚ್ಚಿದರು. ಒಂದು ಏಟು ಆದೊಡನೆ ಪಂಚನ್ನು ಮೇಲೆ ತಡೆದು ನಿಲ್ಲಿಸುವ ಸ್ಪ್ರಿಂಗ್ ಒಳಗೆ ಮುರಿದಿತ್ತು. ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು, "ಇನ್ನೊಂದು ಹಳೇ ಪ್ರೆಸ್ಸೂ ಇವತ್ತೇ ನಿಲ್ಲಿಸಿ. ಆರ್ಡರ್ ವಿಷಯ ನಾನು ಮಾತಾಡ್ಕೋತೀನಿ" ಅಂದರು.

ಆ ಸ್ಪ್ರಿಂಗ್ ಯಾವ ಗಳಿಗೆಯಲ್ಲಿ ಮುರಿಯಿತು ಅಂತ ಯಾರೂ ಹೇಳಲಾರರು. ನಾನು ಮೋಟರ್ ಆಫ್ ಮಾಡಿ ಆನ್ ಮಾಡಿಸಿದ್ದರಿಂದಲೇ ಮುರಿದಿರಬಹುದು ಅಂದರೂ ನಾನು ಜಗಳಕ್ಕೆ ಬರುವುದಿಲ್ಲ. ಇಂಥ ಸ್ಪ್ರಿಂಗ್ ಯಾವತ್ತೋ ಒಂದು ದಿನ ಮುರಿಯುವುದೇ. ಮುರಿದ ಹೊತ್ತಿನಲ್ಲಿ ಕೈ ಎಲ್ಲಿತ್ತು ಅನ್ನುವುದೊಂದೇ ನಾನು ಹೇಳಬಲ್ಲ ಮಾತು.

ಶರಣಪ್ಪ ಮರದ ಕೆಳಗೆ ಹೋಗಿ ಕೂತಿದ್ದ. ಅಲ್ಲಿ ಕೂರುವಂತಿಲ್ಲ ಅನ್ನುವ ನಿಯಮವನ್ನು ಆ ದಿನ ನಾನು ನೆನಪಿಸಲಿಲ್ಲ. ಪಕ್ಕದಲ್ಲಿ ನಾನೂ ಕೂತೆ. ಬಹಳ ಹೊತ್ತಾದ ಮೇಲೆ ಅವನು ಎರಡೂ ಕೈ ನನ್ನ ಮುಂದೆ ಚಾಚಿದ.

"ನೀವೇ ಎಣಸ್ರಿ ಕಾಕಾ. ನನಗ ಸರಿ ಕಾಣವಲ್ದು."

ಒಂದೊಂದೇ ಬೆರಳು ಹಿಡಿದು ಎಣಿಸಿದೆ.

ಆ ಭಾನುವಾರ ಹಲಸೂರಿಗೆ ಹೋಗಿ ಸೆಲ್ವರಾಜ್ ಅವರನ್ನು ಕಂಡೆ. ಕಿವಿ ಮಂದವಾಗಿತ್ತು, ಹಾಸಿಗೆಯಲ್ಲೇ ಒರಗಿ ಕೂತಿದ್ದರು. ಜೋರಾಗಿ ಎಲ್ಲ ಹೇಳಿದೆ. ದೀಪ, ಕಂಪ್ರೆಸರ್, ಮ್ಯಾನೇಜರ್ ಯಾವುದರ ಬಗ್ಗೆಯೂ ಅವರು ವಿಚಾರಿಸಲಿಲ್ಲ.

"ಕೈ ಎಲ್ಲಿತ್ತು?"

"ಮೊಣಕಾಲ ಮೇಲೆ."

"ಪೋದುಂಪಾ," ಅಂದರು. ಸಾಕು ಅಂತ. ಮೂರು ಬೆರಳಿನ ಆ ಕೈಯನ್ನು ನನ್ನ ತಲೆ ಮೇಲೆ ಇಟ್ಟು ತೆಗೆದರು. ನನಗೆ ಆಗ ಅರವತ್ತು ಹತ್ತಿರವಾಗಿತ್ತು.

ನವೀನ್ ದೀಪಗಳನ್ನು ತೆಗೆಸಲಿಲ್ಲ. ಅವಕ್ಕೆ ಹಳದಿ ಬಣ್ಣ ಒಂದು ಸೇರಿಸಿದರು. ಬಿಡುವಿನ ಹೊತ್ತಿಗೆ ಎಲ್ಲ ಪ್ರೆಸ್ ಮೇಲೂ ಹಳದಿ, ಅದು ಯಾರ ಲೆಕ್ಕಕ್ಕೂ ಹೋಗುವುದಿಲ್ಲ. ಗುಂಡಿ ಒತ್ತುವ ಹೊಸ ಪ್ರೆಸ್‌ಗಳಿಗೂ ಇದು ಇರಲಿ ಅಂತ ಅವರೇ ಹೇಳಿದರು, ಕೆಟ್ಟ ತುಂಡು ಕಣ್ಣಿಗೆ ಬೀಳಬೇಕಲ್ಲ ಅಂತ. ಹೊಡೆದ ತುಂಡುಗಳ ಮೇಲೆ ಕಣ್ಣಲ್ಲೇ ಗೀರು ಹುಡುಕುವ ಟೇಬಲ್ಲಿನ ಹೆಂಗಸರಿಗೆ ಅರ್ಧ ಗಂಟೆಯೂ ಹೆಚ್ಚಾಯಿತು, ಅವರಿಗೆ ಇನ್ನೂ ಬೇಗ ಬಿಡುವು ಕೊಡಬೇಕು ಅಂದದ್ದೂ ಅವರೇ. ಅದು ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ಸೈರನ್ ಹಾಕಿಸೋಣವೇ ಅಂತ ಕೇಳಿದರು. ಹುಡುಗರು ಬೇಡ ಅಂದರು. ನಲ್ಲಿಯೇ ಉಳಿಯಿತು.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಏಳದೆ ಕೂರುವುದನ್ನು ಯಾರಾದರೂ ಹೊಗಳಿದರೆ ನಂಬಬೇಡಿ, ನನ್ನನ್ನೂ ಹಾಗೆ ಹೊಗಳಿದ್ದರು. ಸುಸ್ತಾದ ಮೇಲೆ ಎದ್ದರಾಯಿತು ಅಂತ ಕಾಯಬೇಡಿ. ಸುಸ್ತು ಹೇಳಿ ಬರುತ್ತದೆ, ಮನಸ್ಸು ಹೇಳಿ ಹೋಗುವುದಿಲ್ಲ.

ಶರಣಪ್ಪ ಪರ್ಮನೆಂಟ್ ಆದ. ಆ ವರ್ಷ ಆಗಲಿಲ್ಲ, ಮುಂದಿನ ವರ್ಷ. ಹೆಂಡತಿ ಮಗಳು ಈಗ ಇಲ್ಲೇ ಇದ್ದಾರೆ. ನಾನು ಬಿಟ್ಟ ಮೇಲೆ ನಲ್ಲಿ ತಿರುಗಿಸುವುದು ಅವನ ಪಾಲಿಗೆ ಬಂದಿದೆ. ಬ್ಯಾಂಕಿಗೋ ಆಸ್ಪತ್ರೆಗೋ ಹೋಗುವ ದಾರಿಯಲ್ಲಿ ನಾನು ಶೆಡ್ಡಿನ ಎದುರು ಬಸ್ಸಿಳಿದು ಟೀ ಅಂಗಡಿಯ ಹತ್ತಿರ ನಿಲ್ಲುತ್ತೇನೆ. ರಸ್ತೆ ದಾಟುವುದು ಈಗ ನನ್ನಿಂದಾಗುವುದಿಲ್ಲ, ಅಷ್ಟು ಗಾಡಿ. ಅಷ್ಟು ಸದ್ದಿನ ನಡುವೆಯೂ ಗೋಡೆಯಾಚೆಯ 'ಸುಸ್ಸ್' ನನ್ನ ಕಿವಿಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಹೊಂಗೆ ಮರದ ಕೆಳಗೆ ಜನ ಬಂದು ನಿಲ್ಲುತ್ತಾರೆ. ಗೇಟಿನ ಸರಳುಗಳ ನಡುವೆ ಶರಣಪ್ಪ ನನ್ನನ್ನು ಕಾಣುತ್ತಾನೆ. ಕೂಗಿದರೆ ಇಬ್ಬರಿಗೂ ಕೇಳುವುದಿಲ್ಲ. ಅವನು ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಅಗಲಿಸಿ ಹಿಡಿಯುತ್ತಾನೆ. ನಾನು ಈಚೆ ನಿಂತು ಎಣಿಸಿ ಮುಗಿಸುವವರೆಗೆ ಇಳಿಸುವುದಿಲ್ಲ.